ತವಾಫ್‌ನಲ್ಲಿ ವುಜೂ ಮುರಿದರೆ: ವಿಜಯಪುರ ಪರಿಸರದ ಹಜ್ ಪರಂಪರೆಯಲ್ಲಿ ಶುದ್ಧಿಯ ಕಲ್ಪನೆ

ಮೆಕ್ಕೆಯ ಕಾಬಾದ ಸುತ್ತ ಏಳು ಸುತ್ತು ಬರುವ ವಿಧಿಗೆ ತವಾಫ್ ಎಂದು ಹೆಸರು. ಕಪ್ಪುಕಲ್ಲು ಇರುವ ಮೂಲೆಯಿಂದ ಆರಂಭಿಸಿ, ಕಾಬಾ ತನ್ನ ಎಡಕ್ಕೆ ಇರುವಂತೆ ನಡೆದು, ಅದೇ ಮೂಲೆಗೆ ಮರಳಿದಾಗ ಒಂದು ಸುತ್ತು ಪೂರ್ಣಗೊಳ್ಳುತ್ತದೆ. ಈ ವಿಧಿಯನ್ನು ವುಜೂ ಸಹಿತ, ಅಂದರೆ ಮುಖ, ಕೈ, ಕಾಲುಗಳನ್ನು ತೊಳೆದು ತಲೆಯನ್ನು ಒದ್ದೆ ಕೈಯಿಂದ ಸವರಿಕೊಂಡ ಶುದ್ಧಸ್ಥಿತಿಯಲ್ಲಿ ಆಚರಿಸಬೇಕೆಂಬುದು ನಿಯಮ. ಆದರೆ ಮೂರನೆಯ ಸುತ್ತಿನಲ್ಲೋ ಐದನೆಯ ಸುತ್ತಿನಲ್ಲೋ ಆ ವುಜೂ ಮುರಿದರೆ ಏನು ಗತಿ? ಮುಗಿದ ಸುತ್ತುಗಳು ಉಳಿಯುತ್ತವೆಯೋ, ಇಲ್ಲವೋ? ಯಾತ್ರೆಯೇ ಕೆಟ್ಟಿತೆಂದು ತಿಳಿಯಬೇಕೋ?

ಮೇಲುನೋಟಕ್ಕೆ ಇದು ಧರ್ಮಶಾಸ್ತ್ರದ ಒಂದು ಸಣ್ಣ ತೊಡಕೆಂದು ತೋರಬಹುದು. ಹಜ್ ಕಡ್ಡಾಯವಾಗುವುದು ಜೀವಮಾನದಲ್ಲಿ ಒಮ್ಮೆ ಮಾತ್ರ, ಅದೂ ಶಕ್ತಿ ಇದ್ದವರಿಗೆ. ಅಥಣಿ ದಾರಿಯ ತಿಕೋಟಾದಲ್ಲಾಗಲಿ, ಜಮಖಂಡಿ ದಾರಿಯ ಬಬಲೇಶ್ವರದಲ್ಲಾಗಲಿ, ಮಳೆಯನ್ನೇ ನಂಬಿದ ಬೇಸಾಯದಲ್ಲಿ ವರ್ಷಗಟ್ಟಲೆ ಉಳಿಸಿದ ಹಣದಿಂದ ಮುಪ್ಪಿನಲ್ಲಿ ಒಮ್ಮೆ ಹೊರಡುವವರಿಗೆ ಎರಡನೆಯ ಅವಕಾಶವೆಂಬುದು ವಿರಳ. ಅಂಥವರ ಪಾಲಿಗೆ ಈ ಪ್ರಶ್ನೆ ಇಡೀ ಜೀವಮಾನದ ಹರಕೆಯ ಪ್ರಶ್ನೆಯಾಗುತ್ತದೆ. ಈ ಪ್ರಶ್ನೆಗೆ ವಿಜಯಪುರದ ಪರಿಸರದಲ್ಲಿ ಕಾಲಕಾಲಕ್ಕೆ ಯಾವ ಉತ್ತರಗಳು ಲಭ್ಯವಿದ್ದವು, ಸ್ಥಳೀಯ ಮಡಿ-ಮೈಲಿಗೆಯ ಕಲ್ಪನೆಗೂ ಈ ಶುದ್ಧಿಯ ಕಲ್ಪನೆಗೂ ಇರುವ ಅಂತರವೇನು, ಪ್ರಯಾಣದ ಸ್ವರೂಪ ಬದಲಾದಂತೆ ಅದೇ ನಿಯಮದ ಭಾರ ಹೇಗೆ ಬದಲಾಯಿತು ಎಂಬುದನ್ನು ಪ್ರಸ್ತುತ ಪ್ರಬಂಧ ಪರಿಶೀಲಿಸುತ್ತದೆ.

ಮಡಿ, ಮೈಲಿಗೆ, ವುಜೂ

ವುಜೂ ಮುರಿಯುವುದಕ್ಕೆ ಕನ್ನಡದಲ್ಲಿ ಸಹಜವಾಗಿ ಹೊಂದುವ ಮಾತು ‘ಮೈಲಿಗೆಯಾಗುವುದು’. ತವಾಫ್‌ಗೆ ಹೊಂದುವ ಮಾತು ‘ಪ್ರದಕ್ಷಿಣೆ’. ಎರಡೂ ಅರ್ಧ ಸರಿ, ಅರ್ಧ ತಪ್ಪು. ಪ್ರದಕ್ಷಿಣೆಯಲ್ಲಿ ದೇವರು ಬಲಕ್ಕಿರಬೇಕು. ಎಡಕ್ಕೆ ಬಿಟ್ಟು ಸುತ್ತಿದರೆ ಅದು ಅಪ್ರದಕ್ಷಿಣೆ, ಅಶುಭ. ತವಾಫ್‌ನಲ್ಲಿ ಎಡವೇ ವಿಧಿ. ಹೀಗೆ ಒಂದೇ ಪದದಲ್ಲಿ ಎರಡು ಲೋಕಗಳು ಎದುರುಬದುರಾಗಿ ಸುತ್ತುತ್ತವೆ.

ಮೈಲಿಗೆಯ ವಿಷಯದಲ್ಲಿ ಅಂತರ ಇನ್ನೂ ಆಳವಾದುದು. ಸಾಂಪ್ರದಾಯಿಕ ಮಡಿಯ ಕಲ್ಪನೆಯಲ್ಲಿ ಮೈಲಿಗೆ ಹರಡುವಂಥದು. ಮುಟ್ಟಿದವರಿಗೆ, ಪಾತ್ರೆಗೆ, ಬಟ್ಟೆಗೆ, ಕೆಲವೊಮ್ಮೆ ನೆರಳಿಗೂ ಅದು ತಗಲುತ್ತದೆ. ಹುಟ್ಟಿನ ಜಾತಿಗೂ ಅಂಟಿಕೊಳ್ಳುತ್ತದೆ. ವುಜೂ ಮುರಿದ ಸ್ಥಿತಿಗೆ ಅರಬ್ಬಿಯಲ್ಲಿ ಹದಸ್ ಎನ್ನುತ್ತಾರೆ. ಅದು ಹರಡುವುದಿಲ್ಲ. ವುಜೂ ಇಲ್ಲದವನ ಪಕ್ಕದಲ್ಲಿ ನಿಂತವನ ನಮಾಜಿಗೆ ಯಾವ ಕೊರತೆಯೂ ಇಲ್ಲ. ಅವನು ಮುಟ್ಟಿದ ನೀರೂ ಅನ್ನವೂ ಕೆಡುವುದಿಲ್ಲ. ಸ್ನಾನ ಕಡ್ಡಾಯವಾದ ಸ್ಥಿತಿಯಲ್ಲಿದ್ದ ಅಬೂ ಹುರೈರಾ ಸಂಕೋಚದಿಂದ ಪ್ರವಾದಿಯವರ ಎದುರಿನಿಂದ ಸರಿದುಹೋದಾಗ, ವಿಶ್ವಾಸಿಯಾದವನು ಅಶುದ್ಧ ವಸ್ತುವಾಗುವುದಿಲ್ಲ ಎಂಬ ಅರ್ಥದ ಮಾತನ್ನು ಪ್ರವಾದಿಯವರು ಹೇಳಿದರೆಂದು ಹದೀಸ್ ಸಂಗ್ರಹಗಳು ದಾಖಲಿಸುತ್ತವೆ. ಹದಸ್ ಎಂಬುದು ಮನುಷ್ಯನ ಗುಣವಲ್ಲ, ಪಾಪವೂ ಅಲ್ಲ. ಒಂದು ವಿಧಿಗೆ ಬೇಕಾದ ಸಿದ್ಧತೆಯ ಅಭಾವ ಮಾತ್ರ. ನೀರು ಸಿಕ್ಕರೆ ನೀರಿನಿಂದ, ಸಿಗದಿದ್ದರೆ ಶುದ್ಧ ಮಣ್ಣಿನಿಂದ ತಯಮ್ಮುಮ್ ಮಾಡಿ ಆ ಅಭಾವವನ್ನು ತುಂಬಿಕೊಳ್ಳಬಹುದು.

ಈ ನೆಲದಲ್ಲಿಯೇ ಮಡಿಯ ಕಲ್ಪನೆಯನ್ನು ಪ್ರಶ್ನಿಸಿದ ಇನ್ನೊಂದು ಪರಂಪರೆ ಇದೆ ಎಂಬುದು ಗಮನಾರ್ಹ. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿ ಇದೇ ಜಿಲ್ಲೆಯದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಲಿಂಗಾಯತ ಧರ್ಮ ನಿರಾಕರಿಸಿತು. ಬಬಲೇಶ್ವರದಂಥ ಊರಿನಲ್ಲಿ ಮಠದ ಭಕ್ತರೂ ಮಸೀದಿಯ ಜಮಾತಿನವರೂ ನೆರೆಹೊರೆಯಲ್ಲಿ ಬದುಕಿದ್ದಾರೆ. ಹೀಗೆ ಇಲ್ಲಿ ಶುದ್ಧಿಗೆ ಸಂಬಂಧಿಸಿದ ಮೂರು ಭಾಷೆಗಳು ಒಟ್ಟಿಗೆ ಬಳಕೆಯಲ್ಲಿವೆ: ಮೈಲಿಗೆ ಹರಡುತ್ತದೆ ಎನ್ನುವ ಭಾಷೆ, ಸೂತಕವೇ ಇಲ್ಲ ಎನ್ನುವ ಭಾಷೆ, ಶುದ್ಧಿ ವಿಧಿಯ ಹೊತ್ತಿಗೆ ಮಾತ್ರ ಬೇಕು ಎನ್ನುವ ಭಾಷೆ. ಮೊದಲನೆಯ ಭಾಷೆಯ ಪದದಿಂದ ಮೂರನೆಯದರ ವಿಷಯವನ್ನು ಹೇಳಹೊರಟಾಗ, ಇಲ್ಲದ ಭಯವೊಂದು ಮಾತಿನ ಮೂಲಕ ಒಳನುಸುಳುತ್ತದೆ.

ಒಂದು ನಗರ, ಹಲವು ಪಂಥ

ಆದಿಲ್ ಶಾಹಿ ವಿಜಯಪುರದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಇರಲಿಲ್ಲ. ವಂಶಸ್ಥಾಪಕ ಯೂಸುಫ್ ಆದಿಲ್ ಶಾಹ ಶಿಯಾ ಪಂಥವನ್ನು ರಾಜ್ಯದ ಪಂಥವಾಗಿಸಿದ. ಒಂದನೆಯ ಇಬ್ರಾಹೀಮ (ಆಳ್ವಿಕೆ 1534-1558) ಅದನ್ನು ಬದಲಿಸಿ ಇಮಾಮ್ ಅಬೂ ಹನೀಫಾರ ಸುನ್ನಿ ಸಂಪ್ರದಾಯವನ್ನು ತಂದ. ಅವನ ಮಗ ಒಂದನೆಯ ಅಲಿ (1558-1580) ಮತ್ತೆ ಶಿಯಾ ಪಂಥದತ್ತ ತಿರುಗಿದ. ಎರಡನೆಯ ಇಬ್ರಾಹೀಮನ (1580-1627) ಕಾಲದಲ್ಲಿ ಸುನ್ನಿ ಸಂಪ್ರದಾಯ ಮತ್ತೆ ಪ್ರಬಲವಾಯಿತು. ಇದೇ ಇಬ್ರಾಹೀಮನ ಆಶ್ರಯದಲ್ಲಿದ್ದ ಫೆರಿಶ್ತಾ ತನ್ನ ಇತಿಹಾಸ ಗ್ರಂಥದಲ್ಲಿ ಈ ಪಲ್ಲಟಗಳನ್ನು ವಿವರಿಸಿದ್ದಾನೆ. ಅರಬಸ್ತಾನದಿಂದ ಬಂದ ಸೂಫಿಗಳೂ ಸೈಯದರೂ ನಗರದಲ್ಲಿ ನೆಲೆಸಿದ್ದರು. ಅವರಲ್ಲಿ ಹದ್ರಮೌತ್ ಮೂಲದವರು ಶಾಫಿಈ ಸಂಪ್ರದಾಯದವರು. 1686ರಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದ ಮೇಲೆ, ಅವನ ಆಜ್ಞೆಯಂತೆ ಸಂಕಲಿತವಾದ ಫತಾವಾ ಆಲಂಗೀರಿ ಹನಫಿ ನ್ಯಾಯದ ಆಕರವಾಗಿ ಇಲ್ಲಿಯೂ ಮಾನ್ಯವಾಯಿತು. ಇಂದಿಗೂ ವಿಜಯಪುರ ಪರಿಸರದ ಬಹುಪಾಲು ಮುಸ್ಲಿಮರು ಹನಫಿಗಳು.

ಪಂಥ ಬದಲಾದರೆ ತವಾಫ್‌ನ ಉತ್ತರವೂ ಬದಲಾಗುತ್ತದೆ. ಶಿಯಾ ಜಾಫರಿ ನ್ಯಾಯದ ಪ್ರಕಾರ ಕಡ್ಡಾಯ ತವಾಫ್‌ಗೆ ಶುದ್ಧಿ ಅನಿವಾರ್ಯ ಷರತ್ತು. ಅರ್ಧ ದಾಟುವ ಮೊದಲೇ ವುಜೂ ಮುರಿದರೆ ಮೊದಲಿನಿಂದ ಸುತ್ತಬೇಕು. ನಾಲ್ಕನೆಯ ಸುತ್ತು ಮುಗಿದ ಮೇಲೆ ತನ್ನ ಇಚ್ಛೆ ಇಲ್ಲದೆ ಮುರಿದರೆ ವುಜೂ ಮಾಡಿ ಬಿಟ್ಟಲ್ಲಿಂದ ಮುಂದುವರಿಯಬಹುದು. ಶಾಫಿಈ, ಮಾಲಿಕಿ, ಹಂಬಲಿ ಸಂಪ್ರದಾಯಗಳಲ್ಲಿಯೂ ಸಾಮಾನ್ಯವಾಗಿ ಶುದ್ಧಿ ಇಲ್ಲದೆ ತವಾಫ್ ಸಿಂಧುವಲ್ಲ. ಮಾತಿಗೆ ಅವಕಾಶವಿದೆ ಎಂಬುದನ್ನು ಬಿಟ್ಟರೆ ತವಾಫ್ ನಮಾಜಿನಂತೆಯೇ ಎಂಬ ಅರ್ಥದ ಹದೀಸ್ ಅವರ ಆಧಾರಗಳಲ್ಲಿ ಒಂದು. ಮಾಲಿಕಿಗಳು ವುಜೂ ಮಾಡಿ ಮೊದಲಿನಿಂದ ಆರಂಭಿಸಬೇಕೆನ್ನುತ್ತಾರೆ. ಶಾಫಿಈಗಳಲ್ಲಿ ಪ್ರಬಲವಾದ ಮತವೆಂದರೆ ಬಿಟ್ಟಲ್ಲಿಂದ ಮುಂದುವರಿಯಬಹುದು, ಮೊದಲಿನಿಂದ ಮಾಡಿದರೆ ಉತ್ತಮ.

ಹನಫಿ ಉತ್ತರದ ಸ್ವರೂಪ

ಹನಫಿ ನ್ಯಾಯದ ನಿಲುವು ಇವುಗಳಿಗಿಂತ ಭಿನ್ನ. 1197ರಲ್ಲಿ ತೀರಿಕೊಂಡ ಮರ್ಗೀನಾನಿಯ ಹಿದಾಯ ಮುಂತಾದ ಗ್ರಂಥಗಳು ಇದನ್ನು ವಿವರಿಸುತ್ತವೆ. ಕುರಾನ್ ಪುರಾತನ ಗೃಹವನ್ನು ಸುತ್ತಿರೆಂದು ಆಜ್ಞಾಪಿಸುತ್ತದೆ. ಸುತ್ತುವುದೇ ಅಲ್ಲಿನ ಮೂಲ ಆಜ್ಞೆ. ಶುದ್ಧಿಯ ನಿಯಮ ಹದೀಸ್‌ನಿಂದ ಬಂದುದು. ಆದ್ದರಿಂದ ಶುದ್ಧಿಯು ವಾಜಿಬ್, ಅಂದರೆ ಬಿಡಲಾಗದ ಕರ್ತವ್ಯ. ಆದರೆ ಅದು ತಪ್ಪಿದರೆ ತವಾಫ್ ಇಲ್ಲವಾಗುವುದಿಲ್ಲ, ಊನವಾಗುತ್ತದೆ. ಊನವನ್ನು ತುಂಬಿಕೊಡುವ ಮಾರ್ಗವಿದೆ.

ನಡುವೆ ವುಜೂ ಮುರಿದವನು ಸುತ್ತುವುದನ್ನು ನಿಲ್ಲಿಸಿ, ವುಜೂ ಮಾಡಿ ಬಂದು, ಉಳಿದ ಸುತ್ತುಗಳನ್ನು ಪೂರೈಸಬಹುದು. ನಾಲ್ಕಕ್ಕಿಂತ ಕಡಿಮೆ ಸುತ್ತು ಮುಗಿದಿದ್ದರೆ ಮೊದಲಿನಿಂದ ಆರಂಭಿಸುವುದು ಉತ್ತಮವೆನ್ನಲಾಗಿದೆ. ಏಳರಲ್ಲಿ ನಾಲ್ಕು ಬಹುಭಾಗವಾದ್ದರಿಂದ ಅದಕ್ಕೆ ವಿಶೇಷ ಬೆಲೆಯಿದೆ. ಹಜ್‌ನ ಮುಖ್ಯ ತವಾಫ್ ಆದ ತವಾಫೆ ಜಿಯಾರತನ್ನು ಪೂರ್ತಿಯಾಗಿ ವುಜೂ ಇಲ್ಲದೆ ಮಾಡಿದವನ ಮೇಲೆ ಒಂದು ಕುರಿ ಅಥವಾ ಆಡಿನ ಬಲಿ ವಿಧಿಯಾಗುತ್ತದೆ. ಮೆಕ್ಕೆಯಲ್ಲಿರುವಾಗಲೇ ವುಜೂ ಸಹಿತ ಮತ್ತೆ ಮಾಡಿದರೆ ಆ ಹೊಣೆ ಇಳಿಯುತ್ತದೆ. ಮೆಕ್ಕೆಗೆ ಬಂದೊಡನೆ ಮಾಡುವ ಆಗಮನದ ತವಾಫ್‌ನಂಥವುಗಳಲ್ಲಿ ವುಜೂ ತಪ್ಪಿದ್ದರೆ ದಾನ ಸಾಕು. ಸಫಾ-ಮರ್ವಾ ಗುಡ್ಡಗಳ ನಡುವಿನ ನಡಿಗೆಗೂ ಅರಫಾತ್ ಬಯಲಿನಲ್ಲಿ ನಿಲ್ಲುವುದಕ್ಕೂ ವುಜೂ ಕಡ್ಡಾಯವಲ್ಲ. ಮೂತ್ರ ಹಿಡಿತದಲ್ಲಿರದಂಥ ಕಾಯಿಲೆಯವರು ಪ್ರತಿ ನಮಾಜಿನ ವೇಳೆಗೆ ಒಂದು ವುಜೂ ಮಾಡಿಕೊಂಡರೆ, ಆ ವೇಳೆ ಮುಗಿಯುವವರೆಗೆ ಅದೇ ಕಾಯಿಲೆಯಿಂದ ಅವರ ವುಜೂ ಮುರಿಯುವುದಿಲ್ಲ. ಮುಪ್ಪಿನ ಯಾತ್ರಿಕರಿಗೆ ಈ ಕೊನೆಯ ನಿಯಮ ಬಹು ಮುಖ್ಯವಾದುದು.

ಇವೆಲ್ಲಕ್ಕೂ ಮೇಲಿನದು ನ್ಯಾಯಶಾಸ್ತ್ರದ ಪ್ರಸಿದ್ಧ ಸೂತ್ರ: ಖಚಿತವಾದುದನ್ನು ಸಂಶಯ ಅಳಿಸಲಾರದು. ವುಜೂ ಮಾಡಿದ್ದು ಖಚಿತ, ಮುರಿದದ್ದು ಅನುಮಾನವಾದರೆ ವುಜೂ ಇದೆಯೆಂದೇ ಲೆಕ್ಕ. ನಿಯಮಗಳ ಜಾಲದಲ್ಲಿ ಯಾತ್ರಿಕನನ್ನು ಅಂಜಿಕೆಯಿಂದ ಬಿಡಿಸುವ ಕೀಲಿಕೈ ಈ ಸೂತ್ರದಲ್ಲಿದೆ.

ಕರ್ನಾಟಕದೊಳಗೇ ಎರಡು ಸಂಪ್ರದಾಯಗಳ ಅಂತರವನ್ನು ಕಾಣಬಹುದು. ಭಟ್ಕಳದ ನವಾಯತರೂ ದಕ್ಷಿಣ ಕನ್ನಡದ ಬ್ಯಾರಿಗಳೂ ಹೆಚ್ಚಾಗಿ ಶಾಫಿಈಗಳು. ಅವರ ನ್ಯಾಯದಲ್ಲಿ ಪರಸ್ತ್ರೀ-ಪುರುಷರ ಮೈ ನೇರವಾಗಿ ತಗಲಿದರೆ ವುಜೂ ಮುರಿಯುತ್ತದೆ; ಗಾಯದಿಂದ ರಕ್ತ ಹರಿದರೆ ಮುರಿಯುವುದಿಲ್ಲ. ಹನಫಿಗಳಲ್ಲಿ ಇದು ತಿರುವುಮುರುವು: ಸ್ಪರ್ಶದಿಂದ ಮುರಿಯದು, ರಕ್ತ ಹರಿದರೆ ಮುರಿಯುತ್ತದೆ. ಜನಸಂದಣಿಯಲ್ಲಿ ಕೈಗೆ ಕೈ ತಗಲಿದ ಭಟ್ಕಳದ ಯಾತ್ರಿಕನಿಗೆ ಒಂದು ಚಿಂತೆ. ಕಾಲ್ಬೆರಳು ಒಡೆದು ರಕ್ತ ಸೋರಿದ ತಿಕೋಟಾದ ಯಾತ್ರಿಕನಿಗೆ ಇನ್ನೊಂದು. ಸ್ಪರ್ಶ ತಪ್ಪಿಸಲಾಗದ ನೂಕುನುಗ್ಗಲಿನಲ್ಲಿ ಶಾಫಿಈಗಳು ಹನಫಿ ಮತವನ್ನು ಅನುಸರಿಸಲು ಅವರ ವಿದ್ವಾಂಸರೇ ಅನುಮತಿಸಿದ್ದುಂಟು. ಒಂದು ಸಂಪ್ರದಾಯದ ಕಟ್ಟು ಬಿಗಿಯಾದಾಗ ಇನ್ನೊಂದು ಸಂಪ್ರದಾಯ ನೆರಳಾಗುವ ಈ ಪದ್ಧತಿ ಇಸ್ಲಾಮಿ ನ್ಯಾಯಪರಂಪರೆಯ ಒಂದು ಹಿರಿಮೆ.

ನೀರು ಮತ್ತು ಕಲಿಕೆ

ಇಂಥ ಸೂಕ್ಷ್ಮಗಳು ಅರಬ್ಬಿ, ಫಾರಸಿ ಗ್ರಂಥಗಳಲ್ಲಿದ್ದವು. ಹಳ್ಳಿಯ ಜನ ಅವನ್ನು ಓದಿ ಕಲಿತವರಲ್ಲ. ವುಜೂವಿನ ಅಭ್ಯಾಸವನ್ನು ಅವರಿಗೆ ಮೊದಲು ಕಲಿಸಿದ್ದು ಮಸೀದಿಯ ನೀರಿನ ತೊಟ್ಟಿ. ಉತ್ತರ ಕರ್ನಾಟಕದ ಆಡುಮಾತಿನ ‘ಹೌದ’ ಎಂಬ ಪದ ಅರಬ್ಬಿಯ ಹೌಜ್‌ನಿಂದ ಬಂದುದು. ಒಂದನೆಯ ಅಲಿ ಕಟ್ಟಿಸತೊಡಗಿದ ಜಾಮಿಯಾ ಮಸೀದಿಯ ಅಂಗಳದಲ್ಲಿ ಇಂಥ ತೊಟ್ಟಿಯಿದೆ. ಇಬ್ರಾಹೀಮ ರೋಜಾದಲ್ಲಿ ಗೋರಿಯ ಕಟ್ಟಡಕ್ಕೂ ಮಸೀದಿಗೂ ನಡುವೆ ಕಾರಂಜಿಯ ತೊಟ್ಟಿಯನ್ನು ಇರಿಸಲಾಗಿದೆ. ಚಾಂದಬಾವಡಿ, ತಾಜಬಾವಡಿ, ತೊರವಿಯ ಕಡೆಯಿಂದ ನೀರು ತಂದ ಕಾಲುವೆ, 1651ರ ಬೇಗಂ ತಲಾಬ್, ಈಗ ಬಬಲೇಶ್ವರ ತಾಲ್ಲೂಕಿನಲ್ಲಿರುವ ಮಮದಾಪುರದ ಮುಹಮ್ಮದ್ ಆದಿಲ್ ಶಾಹನ ಕಾಲದ ದೊಡ್ಡ ಕೆರೆ, ಇವೆಲ್ಲ ಬರದ ನಾಡಿನಲ್ಲಿ ನೀರಿಗಾಗಿ ನಡೆದ ಸಾಹಸಗಳು. ಇಂಥ ನಾಡಿನವರಿಗೆ ಶುದ್ಧಿಯೆಂದರೆ ನೀರನ್ನು ಧಾರಾಳವಾಗಿ ಸುರಿಯುವುದಲ್ಲ. ಪ್ರವಾದಿಯವರು ಒಂದು ಮುದ್ದ್ ಅಳತೆಯ ನೀರಿನಲ್ಲಿ ವುಜೂ ಮಾಡುತ್ತಿದ್ದರೆಂಬ ಹದೀಸ್ ಇಲ್ಲಿ ಅನುಭವದ ಮಾತಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ.

ಧರ್ಮದ ಅರಿವನ್ನು ಜನಭಾಷೆಗೆ ತಂದವರು ಶಾಹಪುರ ದಿಬ್ಬದ ಚಿಶ್ತಿ ಸೂಫಿಗಳು. ಶಾಹ ಮೀರಾಂಜಿ ಶಮ್ಸುಲ್ ಉಶ್ಶಾಕ್ ಅರಬಸ್ತಾನದಲ್ಲಿ ವರ್ಷಗಳ ಕಾಲ ಇದ್ದು, ಪ್ರವಾದಿಯವರ ಆದೇಶದಂತೆ ವಿಜಯಪುರಕ್ಕೆ ಬಂದರೆಂದು ಐತಿಹ್ಯ. ಅರಬ್ಬಿ, ಫಾರಸಿ ಅರಿಯದವರಿಗಾಗಿ ಅವರು ದಖನಿಯಲ್ಲಿ ಬರೆದರು. ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ ಆ ಪರಂಪರೆಯನ್ನು ಬೆಳೆಸಿದರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ಚಕ್ಕಿನಾಮಾಗಳು ಇಸ್ಲಾಮಿನ ತಿಳಿವಳಿಕೆಯನ್ನು ಹಳ್ಳಿಯ ಮನೆಗಳಿಗೆ ಒಯ್ದ ಬಗೆಯನ್ನು ರಿಚರ್ಡ್ ಈಟನ್ 1978ರಲ್ಲಿ ಪ್ರಕಟವಾದ ತಮ್ಮ ಬಿಜಾಪುರದ ಸೂಫಿಗಳ ಅಧ್ಯಯನದಲ್ಲಿ ವಿವರಿಸಿದ್ದಾರೆ. ಆದರೆ ಚಕ್ಕಿನಾಮಾದ ವಸ್ತು ದೇವಸ್ಮರಣೆ; ನ್ಯಾಯದ ವಿಧಿಯಲ್ಲ. ಹೀಗಾಗಿ ಕಾಬಾದ ಮೇಲಿನ ಪ್ರೀತಿ ಹಾಡಿನ ದಾರಿಯಲ್ಲಿ ಮನೆಯೊಳಗೆ ಬಂದರೂ, ಅಲ್ಲಿ ವುಜೂ ಮುರಿದರೆ ಏನು ಮಾಡಬೇಕೆಂಬ ತಿಳಿವಳಿಕೆ ಖಾಜಿ, ಮುಲ್ಲಾ ಮತ್ತು ಹಜ್‌ನಿಂದ ಮರಳಿದವರ ಬಾಯಿಮಾತಿಗೇ ಸೀಮಿತವಾಗಿ ಉಳಿಯಿತು. ತಿಕೋಟಾದ ಹಾಜಿಮಸ್ತಾನ ದರ್ಗಾದ ಹೆಸರಿನಲ್ಲಿ ಈ ಎರಡೂ ಧಾರೆಗಳು ಕೂಡಿವೆ: ‘ಹಾಜಿ’ ವಿಧಿಯನ್ನು ಪೂರೈಸಿದವನು, ‘ಮಸ್ತಾನ’ ವಿಧಿಯನ್ನು ಮರೆತು ದೈವಪ್ರೇಮದಲ್ಲಿ ಮುಳುಗಿದವನು.

ಮಹಿಳೆಯರು, ಕಾಯುವಿಕೆ, ಪ್ರಯಾಣದ ಕಾಲ

ಪ್ರಶ್ನೆ ನಿಜಕ್ಕೂ ಕಠಿಣವಾಗುವುದು ಮಹಿಳೆಯರ ವಿಷಯದಲ್ಲಿ. ವುಜೂ ಮುರಿದರೆ ಕೆಲವು ನಿಮಿಷಗಳಲ್ಲಿ ಸರಿಪಡಿಸಿಕೊಳ್ಳಬಹುದು. ಮುಟ್ಟಿಗೆ ದಿನಗಳು ಬೇಕು. ಕ್ರಿ.ಶ. 632ರ ವಿದಾಯದ ಹಜ್‌ಗೆ ಹೊರಟ ದಾರಿಯಲ್ಲಿ ಪ್ರವಾದಿಯವರ ಪತ್ನಿ ಆಯಿಶಾ ಮುಟ್ಟಾಗಿ ಅತ್ತರು. ಇದು ದೇವರು ಆದಮನ ಹೆಣ್ಣುಮಕ್ಕಳಿಗೆ ವಿಧಿಸಿದ್ದು, ಯಾತ್ರಿಕರು ಮಾಡುವುದೆಲ್ಲವನ್ನೂ ಮಾಡು, ಶುದ್ಧಳಾಗುವವರೆಗೆ ತವಾಫ್ ಒಂದನ್ನು ಬಿಡು ಎಂಬ ಅರ್ಥದಲ್ಲಿ ಪ್ರವಾದಿಯವರು ಸಂತೈಸಿದರು. ಮುಟ್ಟಾದವಳು ಮನೆಯ ಹೊರಗೆ ಕೂರಬೇಕಾದ ಸಮಾಜದಲ್ಲಿ ನಿಂತು ಈ ಪ್ರಸಂಗವನ್ನು ನೋಡಿದರೆ ಅದರ ತೂಕ ತಿಳಿಯುತ್ತದೆ. ಆಯಿಶಾ ಯಾತ್ರೆಯಿಂದ ಹೊರಗಾಗಲಿಲ್ಲ. ಒಂದು ವಿಧಿ ಮುಂದಕ್ಕೆ ಹೋಯಿತು, ಅಷ್ಟೆ. ಮರಳುವ ಮುನ್ನಿನ ವಿದಾಯದ ತವಾಫ್‌ನಿಂದ ಮುಟ್ಟಾದವಳಿಗೆ ಪೂರ್ಣ ವಿನಾಯಿತಿಯಿದೆ. ತವಾಫೆ ಜಿಯಾರತ್ ಮಾತ್ರ ಹಜ್‌ನ ಸ್ತಂಭವಾದ್ದರಿಂದ ಅದನ್ನು ಬಿಡುವಂತಿಲ್ಲ. ಮುಟ್ಟಿನ ಕಾರಣದಿಂದ ತಡವಾದರೆ ಹನಫಿಗಳಲ್ಲಿ ದಂಡವಿಲ್ಲ.

ಕಾಯುವುದೇ ಪರಿಹಾರವಾದ ಈ ನಿಯಮಕ್ಕೂ ಪ್ರಯಾಣದ ಇತಿಹಾಸಕ್ಕೂ ನೇರ ಸಂಬಂಧವಿದೆ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ದಾಭೋಳದಂಥ ಬಂದರುಗಳಿಂದ, ಅವರ ಕರ್ತಾಜ್ ಎಂಬ ರಹದಾರಿ ಪಡೆದು, ಹಡಗುಗಳು ಕೆಂಪು ಸಮುದ್ರಕ್ಕೆ ಹೋಗಬೇಕಿತ್ತು. ಹಾಯಿಹಡಗು ಮಾರುತಗಳ ಅಧೀನ. ಹಜ್‌ನ ತಿಂಗಳು ಚಾಂದ್ರಮಾನದ ಅಧೀನ. ಎರಡೂ ಹೊಂದದಿದ್ದಾಗ ಯಾತ್ರಿಕರು ಅರಬಸ್ತಾನದಲ್ಲಿ ತಿಂಗಳುಗಟ್ಟಲೆ ತಂಗುವುದು ಅನಿವಾರ್ಯವಾಗಿತ್ತು. ಮುಹಮ್ಮದ್ ಆದಿಲ್ ಶಾಹನ ವಿಧವೆ, ಮಗನ ಪರವಾಗಿ ರಾಜ್ಯಭಾರ ನೋಡಿದ ಬಡೀ ಸಾಹೇಬಾ 1660ರ ದಶಕದ ಆರಂಭದಲ್ಲಿ ಮೆಕ್ಕೆಯಾತ್ರೆ ಕೈಗೊಂಡದ್ದು ಇಂಥ ಕಾಲದಲ್ಲಿ. ಹೋಗಿಬರಲು ವರ್ಷ ಹಿಡಿಯುತ್ತಿದ್ದ ಆ ಯಾತ್ರೆಯಲ್ಲಿ ಏಳೆಂಟು ದಿನಗಳ ಕಾಯುವಿಕೆ ಲೆಕ್ಕಕ್ಕೆ ಬರುವಂಥದಲ್ಲ.

ಕಾಯಲು ಬಿಡದ ಪ್ರಯಾಣದ ಸಮಸ್ಯೆ ಮೊದಲು ತಲೆದೋರಿದ್ದು ಮರುಭೂಮಿಯ ದಾರಿಯಲ್ಲಿ. ಸಂಗಾತಿಗಳ ಸಾರ್ಥ ಹೊರಟುಹೋದರೆ ಹೆಂಗಸು ಒಂಟಿಯಾಗಿ ಉಳಿಯುವುದು ಅಪಾಯಕರವಾಗಿತ್ತು. 1328ರಲ್ಲಿ ತೀರಿಕೊಂಡ ದಮಾಸ್ಕಸ್‌ನ ಇಬ್ನ್ ತೈಮಿಯ್ಯಾ, ಹಾಗೆ ಕಾಯಲು ಸಾಧ್ಯವೇ ಇಲ್ಲದವಳು ಅದೇ ಸ್ಥಿತಿಯಲ್ಲಿ ತವಾಫ್ ಮಾಡಿದರೆ ಸಿಂಧು, ದಂಡವೂ ಇಲ್ಲ ಎಂದರು. ಹನಫಿ ನ್ಯಾಯದಲ್ಲಿ ಹಾಗೆ ಮಾಡುವುದು ದೋಷ, ಒಂಟೆ ಅಥವಾ ಹಸುವಿನ ಬಲಿ ವಿಧಿ. ಆದರೂ ಹಜ್ ನೆರವೇರುತ್ತದೆ. ಬಿಗಿಯೆಂದು ತೋರುವ ಈ ದಂಡದ ಹಿಂದೆ ಇರುವ ಮುಖ್ಯ ಮಾತು ಯಾತ್ರೆ ವ್ಯರ್ಥವಾಗಲಿಲ್ಲ ಎಂಬುದೇ.

1880ರ ದಶಕದಲ್ಲಿ ರೈಲು ವಿಜಯಪುರವನ್ನು ಮುಟ್ಟಿದ ಮೇಲೆ ಮುಂಬಯಿಯ ಉಗಿಹಡಗು ಇಲ್ಲಿಯ ಯಾತ್ರಿಕರಿಗೆ ಹತ್ತಿರವಾಯಿತು. ಭಾರತದಿಂದ ಹಡಗಿನ ಹಜ್ 1995ರಲ್ಲಿ ನಿಂತು, ವಿಮಾನವೊಂದೇ ದಾರಿಯಾಯಿತು. ಪುರುಷ ಸಂಬಂಧಿಯ ಜೊತೆಯಿಲ್ಲದೆ 45 ವರ್ಷ ದಾಟಿದ ಮಹಿಳೆಯರು ಗುಂಪಾಗಿ ಹೋಗಲು 2018ರ ಹಜ್‌ನಿಂದ ಭಾರತದಲ್ಲಿ ಅವಕಾಶ ದೊರೆಯಿತು. ಮರಳುವ ದಿನ ಈಗ ಟಿಕೆಟಿನಲ್ಲೇ ಅಚ್ಚಾಗಿರುತ್ತದೆ. ಸಮುದ್ರ ನೀಡಿದ್ದ ಬಿಡುವನ್ನು ವಿಮಾನ ಕಿತ್ತುಕೊಂಡಿತು. ಮರುಭೂಮಿಯ ಸಾರ್ಥದ ಪ್ರಶ್ನೆ ವಿಜಯಪುರದ ಮಹಿಳೆಯ ಪ್ರಶ್ನೆಯಾಯಿತು. ಮುಟ್ಟನ್ನು ಮುಂದೂಡುವ ಮಾತ್ರೆ, ಪ್ರಯಾಣದ ದಿನ ಬದಲಿಸುವ ಕೋರಿಕೆ, ಇಬ್ನ್ ತೈಮಿಯ್ಯಾರ ಮತದ ಮರುಚರ್ಚೆ ಇವೆಲ್ಲ ಈ ಹೊಸ ಇಕ್ಕಟ್ಟಿನ ಫಲಗಳು. ವುಜೂವಿನ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಲಕ್ಷಗಟ್ಟಲೆ ಜನ ಸೇರುವ ಇಂದಿನ ವಿಸ್ತೃತ ಮಸೀದಿಯಲ್ಲಿ, ಮೇಲಂತಸ್ತಿನಲ್ಲಿ ಸುತ್ತುವವರ ದಾರಿ ಬಹುಪಟ್ಟು ಉದ್ದ. ವುಜೂ ಮಾಡಲು ಹೊರಹೋಗಿ ಮರಳುವುದು ವೃದ್ಧರಿಗೆ ದಣಿವಿನ ಕೆಲಸ. ನಿಯಮ ಹಳೆಯದೇ, ಅದನ್ನು ಪಾಲಿಸುವ ಶ್ರಮ ಹೊಸದು.

ಉಪಸಂಹಾರ

ಒಟ್ಟಿನಲ್ಲಿ, ತವಾಫ್‌ನ ನಡುವೆ ಶುದ್ಧಿ ತಪ್ಪುವುದನ್ನು ಇಸ್ಲಾಮಿ ನ್ಯಾಯಪರಂಪರೆ ಕಳಂಕವೆಂದು ಕಂಡಿಲ್ಲ; ಸರಿಪಡಿಸಬಹುದಾದ ತಡೆಯೆಂದು ಕಂಡಿದೆ. ಸುತ್ತು ಎಣಿಸುವ, ದಾನ ಅಥವಾ ಬಲಿಯಿಂದ ಊನ ತುಂಬುವ, ಸಂಶಯವನ್ನು ತಳ್ಳಿಹಾಕುವ, ಕಾಯಿಲೆಯವರಿಗೆ ಬಿಡುವು ಕೊಡುವ ನಿಯಮಗಳೆಲ್ಲ ಯಾತ್ರಿಕನು ವಿಧಿಯನ್ನು ಪೂರೈಸಿಯೇ ಮರಳಲಿ ಎಂಬ ಕಡೆಗೆ ತುಡಿಯುತ್ತವೆ. ಆದಿಲ್ ಶಾಹಿ ನಗರದಲ್ಲಿ ಪಂಥದಿಂದ ಪಂಥಕ್ಕೆ ಉತ್ತರ ಬದಲಾದರೂ, ವುಜೂ ಮಾಡಿ ಮರಳಿ ಬರುವ ದಾರಿಯನ್ನು ಯಾವ ಉತ್ತರವೂ ಮುಚ್ಚಲಿಲ್ಲ.

ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರಿಗೆ ಇದರಿಂದ ಒಂದು ಹೊಣೆ ಒದಗುತ್ತದೆ. ಹಜ್ ಕೈಪಿಡಿಗಳಲ್ಲಿ, ಹೊರಡುವವರಿಗೆ ನೀಡುವ ತರಬೇತಿಯಲ್ಲಿ ‘ವುಜೂ ಮುರಿಯಿತು’ ಎಂಬುದನ್ನು ‘ಮೈಲಿಗೆಯಾಯಿತು’ ಎಂದು ಅನುವಾದಿಸಿದೊಡನೆ, ಶತಮಾನಗಳ ಬೇರೊಂದು ಭಯ ಆ ಮಾತಿನೊಡನೆ ಬರುತ್ತದೆ. ವುಜೂ ಎಂಬ ಪದವನ್ನೇ ಉಳಿಸಿಕೊಂಡು, ಮುರಿದರೆ ಮತ್ತೆ ಮಾಡಿಕೊಳ್ಳುವಂಥದು ಎಂದು ತಿಳಿಯ ಹೇಳುವುದು ಲೇಸು. ತಿಕೋಟಾ, ಬಬಲೇಶ್ವರಗಳಿಂದ ಹೊರಟ ಮುದುಕಿಯೊಬ್ಬಳು ಐದನೆಯ ಸುತ್ತಿನಲ್ಲಿ ನಿಂತುಬಿಟ್ಟಾಗ ಅವಳಿಗೆ ಬೇಕಾದುದು ತನ್ನ ಯಾತ್ರೆ ಕೆಡಲಿಲ್ಲ, ಇನ್ನು ಉಳಿದದ್ದು ಎರಡೂ ಚಿಲ್ಲರೆ ಸುತ್ತು ಎಂಬ ಅರಿವು.